ಉಡುಪಿಯ ಹಾಜಿ ಅಬ್ದುಲ್ಲಾ ಸಾಹೇಬರು

ದುಬೈಯಿಂದಲೋ ಜಿದ್ದಾದಿಂದಲೋ ಮಗ ಕಳುಹಿಸಿದ ಹಣ ಬಂತೇ ಎಂದು ಕೇಳಲು ಕಾರ್ಪೊರೇಷನ್ ಬ್ಯಾಂಕಿನ ಮೆಟ್ಟಿಲು ಹತ್ತಿದವರು ನಮ್ಮ ಕರಾವಳಿಯ ಮನೆಗಳಲ್ಲಿ ಬಹಳ ಮಂದಿ ಇದ್ದಾರೆ. ಆ ಬ್ಯಾಂಕನ್ನು ಹುಟ್ಟುಹಾಕಿದವರು ಉಡುಪಿಯ ಒಬ್ಬ ಮುಸ್ಲಿಮ್ ವರ್ತಕರೆಂಬುದು ಅವರಲ್ಲಿ ಎಷ್ಟು ಜನರಿಗೆ ತಿಳಿದಿತ್ತು?

ಖಾನ್ ಬಹಾದೂರ್ ಹಾಜಿ ಅಬ್ದುಲ್ಲಾ ಹಾಜಿ ಕಾಸಿಂ ಸಾಹೇಬರು 1882ರಲ್ಲಿ ಜನಿಸಿದರು. ಸಿರಿವಂತರ ಮನೆ. ಆಗ ಉಡುಪಿ ಮದ್ರಾಸ್ ಪ್ರಾಂತದ ಒಂದು ಸಣ್ಣ ಪೇಟೆ. ಬ್ಯಾಂಕ್ ಬೇಕೆಂದರೆ ಮಂಗಳೂರಿನಲ್ಲಿದ್ದ ಮದ್ರಾಸ್ ಬ್ಯಾಂಕಿನ ಶಾಖೆಗೆ ಹೋಗಬೇಕು. ಅದು ದೊಡ್ಡ ವ್ಯಾಪಾರಿಗಳ ಬಾಗಿಲು. ಬೇಸಾಯಗಾರನಿಗೂ ಚಿಲ್ಲರೆ ಅಂಗಡಿಯವನಿಗೂ ಉಳಿದದ್ದು ಲೇವಾದೇವಿಯವನ ಜಗಲಿ ಮಾತ್ರ. ಅಲ್ಲಿ ಒಮ್ಮೆ ಹೆಬ್ಬೆಟ್ಟು ಒತ್ತಿದವನ ಗದ್ದೆ ಹಿಂದೆ ಬರುವುದು ಕಷ್ಟ.

1906ರ ಮಾರ್ಚ್ 12ರಂದು ಸಾಹೇಬರು ಊರಿನ ಕೆಲವು ಗಣ್ಯರನ್ನು ಕೂಡಿಕೊಂಡು ‘ಕೆನರಾ ಬ್ಯಾಂಕಿಂಗ್ ಕಾರ್ಪೊರೇಷನ್ (ಉಡುಪಿ) ಲಿಮಿಟೆಡ್’ ಆರಂಭಿಸಿದರು. ಆಗ ಅವರಿನ್ನೂ ಇಪ್ಪತ್ತನಾಲ್ಕರ ಆಸುಪಾಸಿನ ಯುವಕರು. ಬಂಡವಾಳ 5,000 ರೂಪಾಯಿ. ಮೊದಲ ದಿನ ಸಂಜೆ ಲೆಕ್ಕ ಹಾಕಿದಾಗ ಸೇರಿದ್ದ ಹಣ 38 ರೂಪಾಯಿ 13 ಆಣೆ 2 ಪೈ! ಆ ಎರಡು ಪೈಯನ್ನೂ ಬಿಡದೆ ಬರೆದಿಟ್ಟರಲ್ಲ, ಅಮಾನತ್ತು ಎಂದರೆ ಅದೇ ಅಲ್ಲವೇ? ಜಾತಿಮತದ ಭೇದವಿಲ್ಲದೆ ಎಲ್ಲರಲ್ಲೂ ಉಳಿತಾಯದ ಅಭ್ಯಾಸ ಬೆಳೆಸುವುದೇ ಅವರು ಸಾರಿದ ಉದ್ದೇಶ. ಮಠದ ಊರಿನಲ್ಲಿ ಒಬ್ಬ ಹಾಜಿಯನ್ನು ನಂಬಿ ನೆರೆಯವರು ಹಣ ತಂದಿಟ್ಟರು. 1929ರ ವರೆಗೆ ಅವರೇ ಅಧ್ಯಕ್ಷರು. (ಕೆನರಾ ಬ್ಯಾಂಕ್ ಬೇರೆ, ಅದೂ ಅದೇ ವರ್ಷ ಮಂಗಳೂರಿನಲ್ಲಿ ಹುಟ್ಟಿತು. ಹಲವರು ಗೊಂದಲ ಮಾಡಿಕೊಳ್ಳುತ್ತಾರೆ.)

ಇಲ್ಲಿ ನೀವು ಕೇಳಬೇಕಾದ ಪ್ರಶ್ನೆಯೊಂದಿದೆ: ಬ್ಯಾಂಕೆಂದರೆ ಬಡ್ಡಿಯಲ್ಲವೇ? ಹೌದು. ಆ ಮಾತೆತ್ತದೆ ಈ ಜೀವನವನ್ನು ಹೇಳಿ ಮುಗಿಸುವುದು ಪ್ರಾಮಾಣಿಕತೆಯಲ್ಲ. ಬಡ್ಡಿ ಹರಾಮ್, ಸ್ಥಾಪಕ ಹಾಜಿಯಾದ ಮಾತ್ರಕ್ಕೆ ಅದು ಹಲಾಲ್ ಆಗದು. ಆದರೆ ಅವರ ಮುಂದಿದ್ದ ದಾರಿಗಳನ್ನೂ ನೋಡಿ. ಆಗ ಅರಬ್ ನಾಡಿನಲ್ಲೂ ಬಡ್ಡಿರಹಿತ ಬ್ಯಾಂಕೊಂದರ ಮಾದರಿ ಇರಲಿಲ್ಲ. ಕೊಲ್ಲಿಯ ಜನ ಸಮುದ್ರದಿಂದ ಮುತ್ತು ತೆಗೆದು ಬದುಕುತ್ತಿದ್ದರು. ಅಲ್ಲಿ ನಡೆಯುತ್ತಿದ್ದುದು ನಮ್ಮ ರೂಪಾಯಿ. ಈಜಿಪ್ಟಿನ ಮಿತ್ ಗಮ್ರ್ ಎಂಬ ಊರಿನಲ್ಲಿ ಅಹ್ಮದ್ ಅನ್ನಜ್ಜಾರ್‌ರವರು ಬಡ್ಡಿಯಿಲ್ಲದ ಉಳಿತಾಯ ಬ್ಯಾಂಕ್ ತೆರೆದದ್ದು 1963ರಲ್ಲಿ. ದುಬೈ ಇಸ್ಲಾಮಿಕ್ ಬ್ಯಾಂಕೂ ಜಿದ್ದಾದ ಇಸ್ಲಾಮಿಕ್ ಡೆವಲಪ್‌ಮೆಂಟ್ ಬ್ಯಾಂಕೂ ಬಂದದ್ದು 1975ರಲ್ಲಿ. ಸಾಹೇಬರು ಮರಣ ಹೊಂದಿ ಆಗಲೇ ನಲ್ವತ್ತು ವರ್ಷ ಕಳೆದಿತ್ತು. ಅವರು ಮಾಡಿದ್ದೆಲ್ಲ ಸರಿಯೆಂದು ನಾನು ಹೇಳಲಾರೆ. ಆದರೆ ಬಡವನ ಕಾಸಿಗೆ ಒಂದು ಭದ್ರವಾದ ಜಾಗ ಬೇಕೆಂಬ ಅವರ ಕಳಕಳಿ ಅನ್ನಜ್ಜಾರರ ಕಳಕಳಿಗಿಂತ ಬೇರೆಯಾಗಿರಲಿಲ್ಲ. ಹಾಗಿರುವಾಗ ಎಲ್ಲ ಗೊತ್ತಿದ್ದೂ, ಬೇರೆ ದಾರಿಯಿದ್ದೂ, ಮದುವೆಯ ಆಡಂಬರಕ್ಕೆ ಬಡ್ಡಿ ಸಾಲ ಎತ್ತುವ ನಾವು ಅವರ ಮೇಲೆ ತೀರ್ಪು ಕೊಡಲು ಅವಸರಪಡುವುದು ಬೇಡ.

ಗಳಿಸಿದ್ದನ್ನು ಅವರು ಹಿಡಿದಿಟ್ಟುಕೊಂಡವರೂ ಅಲ್ಲ. ಕ್ಷಾಮದ ದಿನಗಳಲ್ಲಿ ಬರ್ಮಾದಿಂದ ಅಕ್ಕಿ ತರಿಸಿ ಹಂಚಿದರೆಂದು ಉಡುಪಿಯ ಹಿರಿಯರು ಹೇಳುತ್ತಿದ್ದರು. ಉಡುಪಿಯ ನಡುಮಧ್ಯದ ತಮ್ಮ ಜಾಗವನ್ನು ಆಸ್ಪತ್ರೆಗೆಂದು ಕೊಟ್ಟರು. 1935ರಲ್ಲಿ ತೀರಿಕೊಂಡರು.

ಬ್ಯಾಂಕು 1972ರಲ್ಲಿ ಕಾರ್ಪೊರೇಷನ್ ಬ್ಯಾಂಕ್ ಎಂಬ ಹೆಸರು ಪಡೆದು, 1980ರಲ್ಲಿ ರಾಷ್ಟ್ರೀಕರಣಗೊಂಡು, 2020ರ ಏಪ್ರಿಲ್ 1ರಂದು ಯೂನಿಯನ್ ಬ್ಯಾಂಕಿನಲ್ಲಿ ಕರಗಿಹೋಯಿತು. ಸಾಹೇಬರು ವಾಸವಿದ್ದ ಮನೆ ಹಳೆಯ ನಾಣ್ಯಗಳ ವಸ್ತುಸಂಗ್ರಹಾಲಯವಾಯಿತು. ಆಸ್ಪತ್ರೆಯ ಕಥೆ ಬೇರೆ. ಅಬುಧಾಬಿಯಲ್ಲಿ ಹೆಸರು ಮಾಡಿದ್ದ ನಮ್ಮದೇ ಜಿಲ್ಲೆಯ ಉದ್ಯಮಿಯೊಬ್ಬರು ಅಲ್ಲಿ ಹೊಸ ಕಟ್ಟಡ ಕಟ್ಟಿಸಿದರು. ಅದು 2017ರಲ್ಲಿ ಉದ್ಘಾಟನೆಯಾಯಿತು. ಕೊಲ್ಲಿಯಲ್ಲಿ ಅವರ ಉದ್ಯಮ ಕುಸಿದಾಗ ಇಲ್ಲಿ ಸಿಬ್ಬಂದಿಗೆ ಸಂಬಳ ನಿಂತಿತು, ಕೊನೆಗೆ ಸರಕಾರವೇ ಅದನ್ನು ವಹಿಸಿಕೊಳ್ಳಬೇಕಾಯಿತು. ಅಷ್ಟೆಲ್ಲ ಕೈ ಬದಲಾದರೂ ಆ ಹೆರಿಗೆ ಆಸ್ಪತ್ರೆಯ ಹೆಸರಿನಲ್ಲಿ ಹಾಜಿ ಅಬ್ದುಲ್ಲಾ ಎಂಬುದು ಉಳಿದುಕೊಂಡಿತು.