ಸೈಟಿನ ಬೋರ್ಡಿನ ಮೇಲೆ ಶಿವರಾಮ ಕಾರಂತ

ಯಲಹಂಕದಿಂದ ಹೆಸರಘಟ್ಟದ ಕಡೆ ಬೈಕ್ ತಿರುಗಿಸಿದರೆ ಸ್ವಲ್ಪ ಹೊತ್ತಿಗೇ ಅಗಲ ರಸ್ತೆಗಳು, ಕಲ್ಲು ನೆಟ್ಟ ಖಾಲಿ ಸೈಟುಗಳು, ಮಧ್ಯೆ ಅಲ್ಲಲ್ಲಿ ಉಳಿದ ತೆಂಗಿನ ಮರಗಳು ಕಾಣಿಸುತ್ತವೆ. ಇದು ಡಾ. ಕೆ. ಶಿವರಾಮ ಕಾರಂತ ಬಡಾವಣೆ. ನಾನು ವಾರಕ್ಕೆರಡು ಸಲ ಈ ಕಡೆ ಓಡಾಡ್ತೀನಿ. ನನ್ನ ಗೆಳೆಯರಲ್ಲಿ ಅರ್ಧ ಜನಕ್ಕೆ ಕಾರಂತ ಅಂದ್ರೆ ಮೊದಲು ನೆನಪಾಗೋದು ಇಲ್ಲಿನ ಚದರಡಿ ರೇಟು. ಅವರನ್ನು ದೂರುತ್ತಿಲ್ಲ. ಹೈಸ್ಕೂಲಲ್ಲಿ ಕವಿಪರಿಚಯದ ನಾಲ್ಕು ಸಾಲು ಬಾಯಿಪಾಠ ಮಾಡಿ ಮರೆತವನು ನಾನೂ.

ಆಮೇಲೊಮ್ಮೆ ಯಶವಂತಪುರದಲ್ಲಿ ಕಾರವಾರದ ಹಗಲು ರೈಲು ಹತ್ತಿ, ಸಕಲೇಶಪುರದ ಘಾಟಿ ಇಳಿದು, ಪುತ್ತೂರಿನ ಬಾಲವನ ನೋಡಿಬಂದೆ. ಕಾರಂತರು ದಶಕಗಳ ಕಾಲ ಇದ್ದ ಜಾಗ ಅದು. ಮಕ್ಕಳಿಗೆ ಪಾಠ, ನಾಟಕ, ಕುಣಿತ, ಪುಸ್ತಕ ಎಲ್ಲವೂ ಅಲ್ಲೇ ನಡೀತಿತ್ತು. ವಾಪಸ್ ಬರುವಾಗ ತಲೆಯಲ್ಲಿ ಒಂದೇ ಪ್ರಶ್ನೆ ಇತ್ತು: ಈ ಮನುಷ್ಯನ ಹೆಸರು ನಮ್ಮ ಕಡೆಯ ಸೈಟುಗಳ ಮೇಲೆ ಯಾಕಿದೆ?

ಕಾರಂತರು ಹುಟ್ಟಿದ್ದು 1902ರ ಅಕ್ಟೋಬರ್ 10ರಂದು, ಕೋಟದಲ್ಲಿ. ಇವತ್ತಿನ ಉಡುಪಿ ಜಿಲ್ಲೆ ಆಗ ಮದ್ರಾಸ್ ಪ್ರಾಂತ್ಯದಲ್ಲಿತ್ತು. ಅಸಹಕಾರ ಚಳವಳಿಯ ಕರೆ ಕೇಳಿ ಕಾಲೇಜು ಬಿಟ್ಟರು. ಖಾದಿ, ಸ್ವದೇಶಿ ಅಂತ ಕೆಲವು ವರ್ಷ ಊರೂರು ಸುತ್ತಿದರು. ಆ ಸುತ್ತಾಟ ಅವರನ್ನು ರಾಜಕಾರಣಿ ಮಾಡಲಿಲ್ಲ. ಅಲೆಮಾರಿಯನ್ನಾಗಿ ಮಾಡಿತು. ಭಾಷಣ ಮಾಡಲು ಹೋದ ಹುಡುಗ ಹಳ್ಳಿಗಳನ್ನು ನೋಡಲು, ಜನರ ಮಾತು ಕೇಳಲು ಕಲಿತ. ಅಲ್ಲಿಂದ ಮುಂದಿನ ಎಪ್ಪತ್ತು ವರ್ಷ ಆ ಚಾಳಿ ಬಿಡಲೇ ಇಲ್ಲ.

1933ರಲ್ಲಿ ಬಂದ 'ಚೋಮನ ದುಡಿ' ಆ ನೋಟದ ಫಲ. ಚೋಮ ದಲಿತ, ಜೀತದಾಳು. ಅವನ ಆಸೆ ಒಂದೇ, ತುಂಡು ಭೂಮಿಯನ್ನು ತಾನೇ ಉಳಬೇಕು. ಮನೆಯಲ್ಲಿ ಎತ್ತುಗಳಿವೆ, ಮೈಯಲ್ಲಿ ಕಸುವಿದೆ, ಆದರೆ ಅವನ ಜಾತಿಗೆ ಬೇಸಾಯದ ಹಕ್ಕಿಲ್ಲ. ಹೇಳಲಾಗದ ಸಿಟ್ಟನ್ನೆಲ್ಲ ಅವನು ದುಡಿ ಬಾರಿಸಿ ಹೇಳುತ್ತಾನೆ. ಬ್ರಾಹ್ಮಣ ಮನೆತನದಲ್ಲಿ ಹುಟ್ಟಿದ ಲೇಖಕ ಒಂದು ಜನಪದ ವಾದ್ಯವನ್ನು ಕಾದಂಬರಿಯ ನಡುವೆ ಇಟ್ಟಿದ್ದು ಅಲಂಕಾರಕ್ಕಲ್ಲ. ಮಾತು ಕಸಿದುಕೊಂಡಲ್ಲಿ ಆ ಚರ್ಮವಾದ್ಯವೇ ಮಾತಾಗುತ್ತೆ ಅಂತ ಅವರು ಕಂಡಿದ್ದರು. 1936ರಲ್ಲಿ ಬಂಟ ಸಮುದಾಯದ ಲೀಲಾ ಅವರನ್ನು ಮದುವೆಯಾದರು. ಜಾತಿಯ ಬೇಲಿ ಅವರಿಗೆ ಬರೀ ಬರೆಯುವ ವಸ್ತುವಾಗಿರಲಿಲ್ಲ.

ಇನ್ನು ಯಕ್ಷಗಾನ. ಕಾರಂತರು ಅದನ್ನು ದೂರದಿಂದ ಮೆಚ್ಚಿ ಸುಮ್ಮನಾಗಲಿಲ್ಲ. ಹಳೆಯ ಭಾಗವತರನ್ನು, ವೇಷಧಾರಿಗಳನ್ನು ಹುಡುಕಿಕೊಂಡು ಹೋದರು. ಹಸ್ತಪ್ರತಿ ಸಂಗ್ರಹಿಸಿದರು, ರಾಗಗಳ ಲೆಕ್ಕ ಹಿಡಿದರು, ವೇಷ, ಕಿರೀಟ, ಬಣ್ಣಗಳ ವಿವರ ಬರೆದಿಟ್ಟರು. ತಾವೂ ಕುಣಿದರು. ಇದರಿಂದ ಬಂದ 'ಯಕ್ಷಗಾನ ಬಯಲಾಟ' ಪುಸ್ತಕಕ್ಕೆ 1959ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂತು. ಅಷ್ಟೊಂದು ಕಾದಂಬರಿ ಬರೆದವರಿಗೆ ಆ ಪ್ರಶಸ್ತಿ ಸಿಕ್ಕಿದ್ದು ಬಯಲಲ್ಲಿ ರಾತ್ರಿಯಿಡೀ ಆಡುವ ಆಟದ ಮೇಲಿನ ಪುಸ್ತಕಕ್ಕೆ ಅನ್ನೋದು ನನಗೆ ಖುಷಿ ಕೊಡುವ ಸಂಗತಿ.

ಆದರೆ ಅವರು ಪರಂಪರೆಗೆ ಗಾಜಿನ ಪೆಟ್ಟಿಗೆ ಮಾಡಿಸಲಿಲ್ಲ. ಯುರೋಪು ಸುತ್ತಿ 'ಅಪೂರ್ವ ಪಶ್ಚಿಮ' ಬರೆದರು, ಹೊರಗಿನ ನೃತ್ಯ, ಚಿತ್ರ, ಶಿಲ್ಪ ನೋಡಿದರು. ಆ ಕಣ್ಣಲ್ಲೇ ಮತ್ತೆ ಯಕ್ಷಗಾನ ನೋಡಿದರು. ಕಂಪನಿ ನಾಟಕದಿಂದ ನುಗ್ಗಿದ ಝಗಮಗ ಉಡುಪು ಬೇಡ ಅಂದವರೇ ಹಿಮ್ಮೇಳಕ್ಕೆ ಪಿಟೀಲು, ಸ್ಯಾಕ್ಸೋಫೋನ್ ತಂದರು. ರಾತ್ರಿಯಿಡೀ ನಡೆಯುವ ಆಟವನ್ನು ಕೆಲವೇ ಗಂಟೆಗಳ ನೃತ್ಯನಾಟಕ ಮಾಡಿದರು, ವಿದೇಶಕ್ಕೂ ಒಯ್ದರು. ನಮ್ಮದು ಅನ್ನೋದನ್ನು ಉಳಿಸಬೇಕಾದರೆ ಹೊರಗಿನದಕ್ಕೆ ಬಾಗಿಲು ಹಾಕಬೇಕು ಅಂತ ಇವತ್ತು ಕರಾವಳಿಯಲ್ಲೂ ಬೆಂಗಳೂರಲ್ಲೂ ಕೂಗುವವರಿದ್ದಾರೆ. ಕಾರಂತರ ಬದುಕು ಅದಕ್ಕೆ ತಿರುಗೇಟು. ಅವರ ಅಸ್ಮಿತೆ ಗಟ್ಟಿಯಾಗಿದ್ದು ಬೇಲಿ ಹಾಕಿದ್ದರಿಂದಲ್ಲ, ತಿರುಗಾಡಿದ್ದರಿಂದ.

ಇಲ್ಲೊಂದು ತಕರಾರನ್ನೂ ಹೇಳಲೇಬೇಕು. ಕಾರಂತರು ತಮ್ಮ ಪ್ರಯೋಗಗಳಲ್ಲಿ ಮಾತುಗಾರಿಕೆಯನ್ನು ತೆಗೆದುಹಾಕಿದರು. ಬಯಲಾಟದಲ್ಲಿ ಭಾಗವತರ ಪದ್ಯ ಮುಗಿದ ಮೇಲೆ ವೇಷಧಾರಿ ಅಲ್ಲೇ ಹುಟ್ಟಿಸಿಕೊಂಡು ಅರ್ಥ ಹೇಳ್ತಾನೆ, ಎದುರಾಳಿಯ ಜೊತೆ ವಾದಕ್ಕಿಳೀತಾನೆ. ಕಲಾವಿದನ ಬುದ್ಧಿ, ಸಿಟ್ಟು, ಊರಿನ ಸುದ್ದಿ ಎಲ್ಲಾ ನುಸುಳೋದು ಅಲ್ಲೇ. ಭಾಷೆ ಗೊತ್ತಿಲ್ಲದ ಪ್ರೇಕ್ಷಕನಿಗೂ ಕಲೆ ತಲುಪಬೇಕು, ಹಾಡು ಮತ್ತು ಕುಣಿತವೇ ಮುಖ್ಯ ಅನ್ನೋದು ಕಾರಂತರ ನಿಲುವು. ಪರಂಪರೆಯವರು ಒಪ್ಪಲಿಲ್ಲ. ನನಗೂ ಇಲ್ಲಿ ಅವರ ಜೊತೆ ಜಗಳವಿದೆ. ಚೋಮನ ಮೌನಕ್ಕೆ ದುಡಿ ಕೊಟ್ಟ ಲೇಖಕ, ಬಯಲಾಟದ ಕಲಾವಿದನ ಬಾಯಿಂದ ಮಾತು ತೆಗೆದರಲ್ಲ? ರೂಪ ಚೆಂದವಾಗಿ ಉಳಿಯಿತು, ಅದರೊಳಗಿನವರ ದನಿ ಹೋಯಿತು. ಕಾರಂತರನ್ನು ಪ್ರೀತಿಸೋಕೆ ಅವರನ್ನು ದೇವರು ಮಾಡಬೇಕಿಲ್ಲ. ದೇವರ ಬಗ್ಗೆ ಅವರಿಗೇ ಅಷ್ಟು ನಂಬಿಕೆ ಇರಲಿಲ್ಲ.

'ಮೂಕಜ್ಜಿಯ ಕನಸುಗಳು' ಬಂದಿದ್ದು 1968ರಲ್ಲಿ. ಮೊಮ್ಮಗ ತಂದುಕೊಡುವ ಹಳೆಯ ವಸ್ತುಗಳನ್ನು ಮುಟ್ಟಿ ಅಜ್ಜಿ ಸಾವಿರಾರು ವರ್ಷಗಳ ಹಿಂದಕ್ಕೆ ನೋಡುತ್ತಾಳೆ. ನಾಡಿನ ನೆನಪು ಶಾಸನ, ಗ್ರಂಥಗಳಲ್ಲಿ ಮಾತ್ರ ಇಲ್ಲ, ಓದುಬರಹ ಬಾರದ ವಿಧವೆ ಮುದುಕಿಯ ಒಳಗೂ ಇದೆ. 1977ರಲ್ಲಿ ಇದಕ್ಕೆ ಜ್ಞಾನಪೀಠ ಬಂತು. ಅದಕ್ಕೂ ಮೊದಲೇ, ತುರ್ತುಪರಿಸ್ಥಿತಿ ಹೇರಿದಾಗ, ಕಾರಂತರು ಪದ್ಮಭೂಷಣವನ್ನು ವಾಪಸ್ ಮಾಡಿದ್ದರು. ಪ್ರಶಸ್ತಿ ವಾಪ್ಸಿಯನ್ನು ಇತ್ತೀಚಿನ ಫ್ಯಾಷನ್ ಅಂತ ಗೇಲಿ ಮಾಡುವವರು ಇದನ್ನು ನೆನಪಿಡಬೇಕು.

ಇಳಿವಯಸ್ಸಲ್ಲಿ ಅವರು ಕೈಗಾ ಅಣುಸ್ಥಾವರದ ವಿರುದ್ಧ ಬೀದಿಗಿಳಿದರು. 1989ರಲ್ಲಿ, ಎಂಬತ್ತೇಳರ ಹತ್ತಿರದಲ್ಲಿ, ಪರಿಸರದ ಹೆಸರಿನಲ್ಲಿ ಉತ್ತರ ಕನ್ನಡದಿಂದ ಲೋಕಸಭೆಗೆ ನಿಂತು ಸೋತರು. ಘಟ್ಟದ ಕಾಡನ್ನು, ಅಲ್ಲಿ ಬದುಕುವವರನ್ನು ಕಾಲ್ನಡಿಗೆಯಲ್ಲಿ ಕಂಡವರು ಅವರು. ಸುಮ್ಮನಿರಲು ಆಗಲಿಲ್ಲ, ಅಷ್ಟೇ. 1997ರ ಡಿಸೆಂಬರ್ 9ರಂದು ತೀರಿಕೊಂಡರು.

ಹನ್ನೊಂದು ವರ್ಷದ ನಂತರ, 2008ರ ಡಿಸೆಂಬರಿನಲ್ಲಿ, ಅವರ ಹೆಸರಿನ ಬಡಾವಣೆಗೆ ಪ್ರಾಥಮಿಕ ಅಧಿಸೂಚನೆ ಹೊರಬಿತ್ತು. 17 ಹಳ್ಳಿ, 3,546 ಎಕರೆ. ಸೋಮಶೆಟ್ಟಿಹಳ್ಳಿ, ಗಾಣಿಗರಹಳ್ಳಿ, ಮೇಡಿ ಅಗ್ರಹಾರ, ರಾಮಗೊಂಡನಹಳ್ಳಿ, ಆವಲಹಳ್ಳಿ, ವೀರಸಾಗರ ಎಲ್ಲಾ ಇದರಲ್ಲಿ ಬರುತ್ತವೆ. ರೈತರು ವಿರೋಧಿಸಿದರು, ವ್ಯಾಜ್ಯ ಹೈಕೋರ್ಟಿಗೆ ಹೋಯಿತು. 2018ರ ಆಗಸ್ಟಿನಲ್ಲಿ ಸುಪ್ರೀಂ ಕೋರ್ಟ್ ಬಡಾವಣೆ ಮುಂದುವರಿಸಲು ಹೇಳಿತು. ಊರು ಬೆಳೀತಿದೆ, ಬಾಡಿಗೆ ಕಟ್ಟಿ ಸುಸ್ತಾದವರಿಗೆ ಮನೆ ಬೇಕು, ಇದನ್ನು ನಾನು ಅಲ್ಲಗಳೆಯಲ್ಲ. ನಾನೂ ಬಾಡಿಗೆ ಮನೆಯವನೇ. ಆದರೂ ತುಂಡು ಭೂಮಿಗಾಗಿ ಹಂಬಲಿಸಿ ಸತ್ತ ಚೋಮನನ್ನು ಸೃಷ್ಟಿಸಿದವರ ಹೆಸರನ್ನು, ಉಳುವ ಭೂಮಿ ಬಿಟ್ಟುಕೊಟ್ಟ ಜಾಗಕ್ಕೆ ಇಟ್ಟಿದ್ದೇವೆ ಅನ್ನೋದು ಮನಸ್ಸಿಗೆ ಒಗ್ಗೋದಿಲ್ಲ.

ಬೋರ್ಡು ಕಿತ್ತುಹಾಕಿ ಅಂತ ನಾನು ಹೇಳ್ತಿಲ್ಲ. ಹೆಸರಿಟ್ಟ ಮೇಲೆ ಅವರು ಮಾಡ್ತಿದ್ದ ಕೆಲಸವನ್ನೂ ಮಾಡೋಣ ಅಂತಿದ್ದೀನಿ. ಆ ಕೆಲಸ ಕಷ್ಟದ್ದಲ್ಲ. ಹೋಗೋದು, ಕೂತು ಕೇಳೋದು, ಬರೆದಿಡೋದು. ಈ 17 ಹಳ್ಳಿಗಳಲ್ಲಿ ಯಾವ ಹೊಲದಲ್ಲಿ ಏನು ಬೆಳೀತಿದ್ದರು, ಊರಹಬ್ಬ ಯಾವಾಗ, ಸೋಬಾನೆ ಪದ ಯಾರಿಗೆ ಬರುತ್ತೆ, ಕೆರೆಗೆ ನೀರು ಯಾವ ಕಡೆಯಿಂದ ಬರ್ತಿತ್ತು. ಕೈಯಲ್ಲಿ ಫೋನಿದೆ, ರೆಕಾರ್ಡ್ ಮಾಡಬಹುದು. ಕಾರಂತರು ಬಯಲಾಟದಲ್ಲಿ ಮಾಡಿದ ತಪ್ಪನ್ನು ನಾವು ಇಲ್ಲಿ ಮಾಡದಿದ್ದರೆ ಸಾಕು. ಹಳ್ಳಿಯ ಚಂದದ ಫೋಟೋ ಇಟ್ಟುಕೊಂಡು ಹಳ್ಳಿಯವರ ಮಾತನ್ನು ಬಿಡಬಾರದು. ಪರಿಹಾರದ ಬಗ್ಗೆ ಅವರಿಗಿರುವ ಸಿಟ್ಟೂ ಆ ಮಾತಿನಲ್ಲಿ ಬರುತ್ತೆ, ಬರಲಿ.

ಇವತ್ತು ಪ್ರತಿ ಸೈಟಿಗೂ ಒಂದು ನಂಬರ್ ಇದೆ. ಅದೇ ಜಾಗದ ಹೊಲಕ್ಕೆ ಮೊದಲು ಒಂದು ಹೆಸರಿತ್ತು. ಆ ಹೆಸರು ಗೊತ್ತಿರುವ ಅಜ್ಜಿಯರು ಇನ್ನೂ ಇದ್ದಾರೆ. ಈ ಭಾನುವಾರ ನಾನು ಮೇಡಿ ಅಗ್ರಹಾರದ ಕಡೆ ಹೋಗ್ತಿದ್ದೀನಿ. ಬರೋರಿದ್ದರೆ ಬನ್ನಿ.