ಆ ದಿನ ಏನೂ ಆಗಲಿಲ್ಲ

ಈ ಸಲ ಬಕ್ರೀದ್ ಆದ ಮರುವಾರ ನಮ್ಮ ನಾನಾಗೆ ಹೊಟ್ಟೆಯ ಸಿ.ಟಿ. ಸ್ಕ್ಯಾನ್ ಮಾಡಿಸಿದೆವು. ಕೈಯ ನರಕ್ಕೆ ಡೈ ಹಾಕಿದಾಗ ಮೈಯೆಲ್ಲ ಬಿಸಿಯಾದಂತೆ ಅನ್ನಿಸಿತಂತೆ, ಅಷ್ಟೇ. ಅರ್ಧ ಗಂಟೆ ಕೂರಿಸಿ ಕಳಿಸಿದರು. ಮೂರನೆಯ ದಿನ ಬೆಳಿಗ್ಗೆ ಎದೆ, ಬೆನ್ನು, ತೋಳು ಎಲ್ಲ ಕಡೆ ಕೆಂಪು ದದ್ದು ಎದ್ದಿತ್ತು. ಅಮ್ಮಿ ಮೊದಲು ಬೈದದ್ದು ಖಾಲಾ ಮನೆಯಿಂದ ಬಂದಿದ್ದ ಸೀಗಡಿ ಸಾಲನ್‌ಗೆ. ಚರ್ಮದ ಡಾಕ್ಟರು ಮಾತ್ರ ಸೀಗಡಿಯನ್ನು ಬಿಟ್ಟು, ಹೋದ ವಾರ ಏನಾದರೂ ಸ್ಕ್ಯಾನ್ ಆಗಿತ್ತೇ ಎಂದು ಕೇಳಿದರು. ಡೈ ಹಾಕಿಸಿಕೊಂಡ ಒಂದು ಗಂಟೆಯಿಂದ ಹಿಡಿದು ಒಂದು ವಾರದೊಳಗೆ ಕೆಲವರಿಗೆ ಹೀಗೆ ತಡವಾಗಿ ಅಲರ್ಜಿ ಕಾಣಿಸಿಕೊಳ್ಳುತ್ತದಂತೆ. ಹೆಚ್ಚಿನವು ಚರ್ಮದ ಮೇಲೆ ಬಂದು ತಾವಾಗಿಯೇ ಇಳಿಯುತ್ತವೆ. ಬಹಳ ಅಪರೂಪಕ್ಕೆ ಜೀವಕ್ಕೇ ತೊಂದರೆಯಾಗುವುದೂ ಉಂಟು. ಡೈ ಹೆಸರೇನು ಎಂದು ಅವರು ಕೇಳಿದಾಗ ನಮ್ಮಲ್ಲಿ ಉತ್ತರವಿರಲಿಲ್ಲ. ಫೈಲಿನಲ್ಲಿ ಕಾಂಟ್ರಾಸ್ಟ್ ಕೊಡಲಾಗಿದೆ ಎಂದಷ್ಟೇ ಇತ್ತು. ಆ ಒಂದು ಹೆಸರಿಗಾಗಿ ನಾನು ಸ್ಕ್ಯಾನ್ ಸೆಂಟರಿಗೆ ಎರಡು ಸಲ ಅಲೆದೆ.

ಮನುಷ್ಯನ ರಕ್ತನಾಳಕ್ಕೆ ಇಂಥದ್ದನ್ನು ಹಾಕಿ ಚಿತ್ರ ತೆಗೆಯುವ ಧೈರ್ಯ ಮೊದಲು ಯಾರಿಗೆ ಬಂತು ಎಂದು ಹುಡುಕುತ್ತ ಹೋದಾಗ ಸಿಕ್ಕ ಹೆಸರುಗಳಲ್ಲಿ ನನ್ನನ್ನು ಹಿಡಿದು ನಿಲ್ಲಿಸಿದ್ದು ಎಗಾಸ್ ಮೊನಿಜ್. ಕ್ವಿಜ್ ಪುಸ್ತಕಗಳಲ್ಲಿ ಇವರಿಗೆ ಒಂದೇ ಸಾಲು: ಮಿದುಳಿನ ಶಸ್ತ್ರಚಿಕಿತ್ಸೆಗೆ 1949ರ ನೊಬೆಲ್. ನಾನು ಹೇಳಹೊರಟಿರುವುದು ಅದಕ್ಕಿಂತ ಹಿಂದಿನ ಕಥೆ.

ಮೊನಿಜ್ ಹುಟ್ಟಿದ್ದು 1874ರ ನವೆಂಬರ್ 29ರಂದು, ಪೋರ್ಚುಗಲ್‌ನ ಅವಾಂಕಾ ಎಂಬ ಹಳ್ಳಿಯಲ್ಲಿ. ಮನೆತನದ ಹೆಸರು ಬೇರೆ ಇತ್ತು. ಎಗಾಸ್ ಮೊನಿಜ್ ಎಂಬುದು ಅವರ ದೇಶದ 12ನೆಯ ಶತಮಾನದ ವೀರನೊಬ್ಬನ ಹೆಸರು. ಪಾದ್ರಿಯಾಗಿದ್ದ ಚಿಕ್ಕಪ್ಪನ ಒತ್ತಾಯದಿಂದ ಮಗುವಿಗೆ ಅದು ಬಂತು. ಕೊಯಿಂಬ್ರಾದಲ್ಲಿ ವೈದ್ಯಕೀಯ ಓದಿ, 1911ರಲ್ಲಿ ಲಿಸ್ಬನ್‌ನಲ್ಲಿ ನರರೋಗ ವಿಭಾಗದ ಪ್ರೊಫೆಸರ್ ಆದರು. ಇದರ ಜೊತೆಗೇ ರಾಜಕೀಯ: ಸಂಸದರಾದರು, ಸ್ಪೇನಿಗೆ ರಾಯಭಾರಿಯಾದರು, 1918ರಲ್ಲಿ ವಿದೇಶಾಂಗ ಮಂತ್ರಿಯೂ ಆಗಿ ಮೊದಲನೆಯ ಮಹಾಯುದ್ಧದ ನಂತರದ ಪ್ಯಾರಿಸ್ ಶಾಂತಿ ಸಮ್ಮೇಳನಕ್ಕೆ ತಮ್ಮ ದೇಶದ ನಿಯೋಗವನ್ನು ಕರೆದೊಯ್ದರು. ಇಸ್ಪೀಟು ಎಲೆಗಳ ಇತಿಹಾಸದ ಬಗ್ಗೆ ಒಂದು ಪುಸ್ತಕ ಬರೆದರು. ಗೋವಾದಲ್ಲಿ ಹುಟ್ಟಿ ಪ್ಯಾರಿಸ್‌ನಲ್ಲಿ ಸಮ್ಮೋಹನ ವಿದ್ಯೆಗೆ ಹೆಸರಾದ ಪಾದ್ರಿ ಫಾರಿಯಾ ಬಗ್ಗೆ 1925ರಲ್ಲಿ ಇನ್ನೊಂದು ಬರೆದರು. ಒಬ್ಬ ಮನುಷ್ಯನಿಗೆ ಇಷ್ಟೆಲ್ಲ ಸಮಯ ಎಲ್ಲಿ ಸಿಗುತ್ತದೋ!

ರಾಜಕೀಯ ಬಿಟ್ಟು ನಿಜವಾದ ಸಂಶೋಧನೆಗೆ ಕೈಹಾಕಿದಾಗ ಅವರಿಗೆ ಐವತ್ತು ದಾಟಿತ್ತು. ಎಕ್ಸ್-ರೇಯಲ್ಲಿ ತಲೆಬುರುಡೆ ಕಾಣುತ್ತದೆ, ಒಳಗಿನ ಮಿದುಳು ಕಾಣುವುದಿಲ್ಲ. ಗಡ್ಡೆ ಎಲ್ಲಿದೆ ಎಂದು ತಿಳಿಯದೆಯೇ ಬುರುಡೆ ತೆರೆಯಬೇಕಾಗುತ್ತಿತ್ತು. ಅಮೆರಿಕದ ವಾಲ್ಟರ್ ಡ್ಯಾಂಡಿ ಮಿದುಳಿನ ಒಳಗಿನ ಟೊಳ್ಳುಗಳಿಗೆ ಗಾಳಿ ತುಂಬಿ ಚಿತ್ರ ತೆಗೆದಿದ್ದರು. ರೋಗಿಗೆ ಅದು ಬಹಳ ಕಷ್ಟದ್ದು. ಮೊನಿಜ್ ಯೋಚಿಸಿದ್ದು ರಕ್ತನಾಳಗಳ ಬಗ್ಗೆ. ಎಕ್ಸ್-ರೇಯನ್ನು ತಡೆಯುವ ಭಾರದ ಪರಮಾಣು ಇರುವ ದ್ರವವನ್ನು ಕತ್ತಿನ ರಕ್ತನಾಳಕ್ಕೆ ಬಿಟ್ಟರೆ ಅದು ಮಿದುಳಿನ ಕೊಂಬೆಕೊಂಬೆಗೂ ಹರಿಯುತ್ತದೆ, ಗಡ್ಡೆ ಇರುವಲ್ಲಿ ಕೊಂಬೆಗಳು ಪಕ್ಕಕ್ಕೆ ಸರಿದಿರುತ್ತವೆ. ಆದರೆ ಗೌಟ್ ರೋಗದಿಂದ ಅವರ ಕೈಬೆರಳುಗಳು ಯೌವನದಲ್ಲೇ ಸೊಟ್ಟಗಾಗಿದ್ದವು. ಸೂಜಿ, ಚಾಕು ಹಿಡಿಯುವ ಕೆಲಸವೆಲ್ಲ ಜೊತೆಗಾರ ಅಲ್ಮೇಡಾ ಲಿಮಾ ಅವರದು.

ನಾಯಿಗಳ ಮೇಲೆ, ಶವಗಳ ಮೇಲೆ ಪ್ರಯೋಗ ನಡೆಯಿತು. ರೋಗಿಗಳಿಗೆ ಮೊದಲು ಹಾಕಿದ್ದು ಬ್ರೋಮೈಡ್. ಚಿತ್ರ ಸರಿಬರಲಿಲ್ಲ, ಒಬ್ಬ ರೋಗಿ ತೀರಿಕೊಂಡರು. ಮೊನಿಜ್ ಬ್ರೋಮೈಡನ್ನು ಅಲ್ಲಿಗೇ ನಿಲ್ಲಿಸಿ ಸೋಡಿಯಂ ಅಯೋಡೈಡ್‌ಗೆ ಬಂದರು. 1927ರ ಜೂನ್ 28ರಂದು ಬದುಕಿರುವ ಮನುಷ್ಯನ ಮಿದುಳಿನ ರಕ್ತನಾಳಗಳು ಮೊದಲ ಬಾರಿಗೆ ಸ್ಪಷ್ಟವಾಗಿ ಕಂಡವು. ಮರುತಿಂಗಳೇ ಅವರು ಪ್ಯಾರಿಸ್‌ಗೆ ಹೋಗಿ ಅದನ್ನು ವೈದ್ಯರ ಮುಂದಿಟ್ಟರು. ಇಂದು ಆಂಜಿಯೋಗ್ರಾಂ ಎನ್ನುವುದು ನಮ್ಮ ಮನೆಗಳಲ್ಲೂ ಕೇಳುವ ಪದವಾಗಿದೆಯಲ್ಲ, ಅದರ ಬೇರುಗಳಲ್ಲಿ ಇದೊಂದು.

ಆದರೆ ಅಯೋಡೈಡ್‌ಗೆ ಒಂದು ಕೆಟ್ಟ ಗುಣವಿತ್ತು. ಹಾಕಿದ ಕ್ಷಣ ತಲೆಯಲ್ಲಿ ಉರಿ, ನೋವು, ಕೆಲವರಿಗೆ ಫಿಟ್ಸ್. ಹೀಗಿರುವಾಗ ಜರ್ಮನಿಯಿಂದ ಥೋರೊಟ್ರಾಸ್ಟ್ ಬಂತು. ಥೋರಿಯಂ ಡೈಆಕ್ಸೈಡ್‌ನ ಸಣ್ಣ ಕಣಗಳನ್ನು ಬೆರೆಸಿದ ದ್ರವ. (ಮದುವೆ ಮೆರವಣಿಗೆಯ ಪೆಟ್ರೋಮ್ಯಾಕ್ಸ್ ದೀಪಗಳ ಮ್ಯಾಂಟಲ್‌ನಲ್ಲಿ ಇರುತ್ತಿದ್ದುದು ಇದೇ ಥೋರಿಯಂ.) ನೋವಿಲ್ಲ, ಉರಿಯಿಲ್ಲ, ಚಿತ್ರವೋ ಕನ್ನಡಿಯಂತೆ ಸ್ವಚ್ಛ. 1931ರಿಂದ ಮೊನಿಜ್ ತಂಡ ಇದನ್ನು ಬಳಸಿತು, ಹೊಗಳಿ ಬರೆಯಿತು. ಹಾಕಿದ ದಿನ ಯಾರಿಗೂ ಏನೂ ಆಗಲಿಲ್ಲ. ಲೋಕದ ಎಷ್ಟೋ ಆಸ್ಪತ್ರೆಗಳು ಇದನ್ನೇ ಹಿಡಿದವು. ಜಪಾನಿನಲ್ಲಿ ಯುದ್ಧದಲ್ಲಿ ಗಾಯಗೊಂಡ ಸೈನಿಕರಿಗೂ ಹಾಕಿದರು.

ಥೋರಿಯಂ ವಿಕಿರಣ ಸೂಸುವ ಧಾತು. ಅದರ ಅರ್ಧಾಯುಷ್ಯ ಸುಮಾರು 1400 ಕೋಟಿ ವರ್ಷ. ಅಯೋಡೈಡ್ ಮೂತ್ರದಲ್ಲಿ ಹೊರಗೆ ಹೋಗುತ್ತದೆ, ಥೋರೊಟ್ರಾಸ್ಟ್ ಹೋಗಲಿಲ್ಲ. ಲಿವರ್, ಗುಲ್ಮ, ಮೂಳೆಮಜ್ಜೆಗಳಲ್ಲಿ ಕುಳಿತು ಸುತ್ತಲಿನ ಜೀವಕೋಶಗಳಿಗೆ ಹಗಲೂ ರಾತ್ರಿ ಆಲ್ಫಾ ಕಣಗಳನ್ನು ಹೊಡೆಯುತ್ತ ಉಳಿಯಿತು. ಮೂವತ್ತು ವರ್ಷಗಳ ನಂತರ ಬೇರೇನಕ್ಕೋ ಎಕ್ಸ್-ರೇ ತೆಗೆದರೂ ಲಿವರ್ ಬೆಳ್ಳಗೆ ಹೊಳೆಯುತ್ತಿತ್ತು. ಲಿವರ್ ಕ್ಯಾನ್ಸರ್, ರಕ್ತದ ಕ್ಯಾನ್ಸರ್ ಬಂದದ್ದು ಅನೇಕರಿಗೆ ಇಪ್ಪತ್ತು, ಮೂವತ್ತು ವರ್ಷ ಕಳೆದ ಮೇಲೆ.

ಯಾರಿಗೂ ಗೊತ್ತಿರಲಿಲ್ಲ ಎನ್ನುವ ಹಾಗಿಲ್ಲ. ಅಮೆರಿಕದಲ್ಲಿ ಗಡಿಯಾರದ ಮುಳ್ಳು, ಅಂಕೆಗಳಿಗೆ ರೇಡಿಯಂ ಬಳಿಯುತ್ತಿದ್ದ ಹುಡುಗಿಯರ ದವಡೆ ಮೂಳೆ ಕೊಳೆತ ಸುದ್ದಿ 1920ರ ದಶಕದಲ್ಲೇ ಪತ್ರಿಕೆಗಳಲ್ಲಿ ಬಂದಿತ್ತು. ಅಲ್ಲಿನ ವೈದ್ಯರ ಸಂಘದ ಔಷಧ ಮಂಡಳಿ 1932ರಲ್ಲೇ ಥೋರೊಟ್ರಾಸ್ಟ್ ಬಗ್ಗೆ ಎಚ್ಚರಿಸಿತ್ತು. ಆದರೂ 1950ರ ದಶಕದವರೆಗೆ ಬಳಕೆ ನಡೆಯಿತು. ನಮ್ಮ ಅಕೌಂಟೆನ್ಸಿ ಪಾಠದಲ್ಲಿ ಬಾಕಿ ಖರ್ಚನ್ನು ಬರೆಯದೆ ಲೆಕ್ಕ ಮುಗಿಸಿದರೆ ಲಾಭ ಸುಳ್ಳು ಲಾಭವಾಗುತ್ತದೆ. ಇಲ್ಲಿ ಬಾಕಿ ಇದ್ದದ್ದು ರೋಗಿಗಳ ಮೈಯೊಳಗೆ.

ಥೋರೊಟ್ರಾಸ್ಟ್ ಮಾಡಿದ್ದು ಮೊನಿಜ್ ಅಲ್ಲ, ಅವರೊಬ್ಬರೇ ಬಳಸಿದ್ದೂ ಅಲ್ಲ. ಆದರೂ ಅವರ ಮುಂದಿನ ಕೆಲಸ ನೋಡಿದರೆ ನನಗೆ ಅದೇ ಅವಸರ ಕಾಣುತ್ತದೆ. 1935ರ ನವೆಂಬರ್‌ನಲ್ಲಿ ಅವರು ಮಾನಸಿಕ ರೋಗಿಗಳ ಮಿದುಳಿನ ಮುಂಭಾಗದ ನರತಂತುಗಳನ್ನು ಕತ್ತರಿಸುವ ಚಿಕಿತ್ಸೆ ಶುರುಮಾಡಿದರು. ಮರುವರ್ಷವೇ 20 ರೋಗಿಗಳ ಲೆಕ್ಕ ಕೊಟ್ಟರು: 7 ಮಂದಿ ಗುಣ, 7 ಮಂದಿ ಸುಧಾರಣೆ, 6 ಮಂದಿ ಇದ್ದ ಹಾಗೆಯೇ. ಆ ರೋಗಿಗಳನ್ನು ಬಹಳ ದಿನ ಹಿಂಬಾಲಿಸಿ ನೋಡಿರಲಿಲ್ಲ. ಆಂಜಿಯೋಗ್ರಫಿಗೆ ಹೆಸರು ಸೂಚಿತವಾದರೂ ಸಿಗದಿದ್ದ ನೊಬೆಲ್ ಈ ಚಿಕಿತ್ಸೆಗೆ ಸಿಕ್ಕಿತು. ಇಂದು ಅದನ್ನು ಕೈಬಿಟ್ಟಿದ್ದಾರೆ. ಆಂಜಿಯೋಗ್ರಫಿ ಪ್ರತಿದಿನ ಜೀವ ಉಳಿಸುತ್ತಿದೆ. 1939ರಲ್ಲಿ ರೋಗಿಯೊಬ್ಬ ಅವರ ಮೇಲೆ ಗುಂಡು ಹಾರಿಸಿದ, ಬದುಕಿಕೊಂಡರು. 1955ರ ಡಿಸೆಂಬರ್ 13ರಂದು ಲಿಸ್ಬನ್‌ನಲ್ಲಿ ನಿಧನರಾದರು. ಥೋರೊಟ್ರಾಸ್ಟ್ ಹಾಕಿಸಿಕೊಂಡವರನ್ನು ಹುಡುಕಿ, ಎಣಿಸಿ, ವರ್ಷಗಟ್ಟಲೆ ಗಮನಿಸುವ ದೊಡ್ಡ ಅಧ್ಯಯನ ಅವರದೇ ದೇಶದಲ್ಲಿ ಆರಂಭವಾದದ್ದು ಅವರು ಹೋದ ಮೇಲೆ. ಜರ್ಮನಿ, ಡೆನ್ಮಾರ್ಕ್, ಜಪಾನ್‌ಗಳಲ್ಲೂ ಅಂಥ ಎಣಿಕೆ ನಡೆಯಿತು. ಹಳೆಯ ಆಸ್ಪತ್ರೆಗಳ ರಿಜಿಸ್ಟರ್‌ಗಳಲ್ಲಿ ಯಾರಿಗೆ ಯಾವ ಡೈ ಹಾಕಿದ್ದೆಂದು ಬರೆದಿಟ್ಟಿದ್ದರಿಂದಲೇ ಅದು ಸಾಧ್ಯವಾಯಿತು.

ಈಗಿನ ಸಿ.ಟಿ. ಸ್ಕ್ಯಾನ್ ಡೈಗಳಲ್ಲಿ ಥೋರಿಯಂ ಇಲ್ಲ. ಅಯೋಡಿನ್ನೇ ಇರುವುದು, ಮೂತ್ರಪಿಂಡ ಸರಿ ಇದ್ದರೆ ಹೆಚ್ಚಿನದು ಒಂದೇ ದಿನದಲ್ಲಿ ಹೊರಗೆ ಹೋಗುತ್ತದೆ. ಇದನ್ನು ಓದಿ ಯಾರೂ ಸ್ಕ್ಯಾನ್‌ಗೆ ಹೆದರಬೇಡಿ. ನಾನಾ ಅವರ ದದ್ದು ಹತ್ತು ದಿನದಲ್ಲಿ ಇಳಿಯಿತು. ಎರಡನೆಯ ಸಲ ಹೋದಾಗ ಸೆಂಟರಿನ ಹುಡುಗನೊಬ್ಬ ರಿಜಿಸ್ಟರ್ ತೆಗೆದು ಡೈ ಹೆಸರು ಬರೆದುಕೊಟ್ಟ. ಆ ಚೀಟಿ ಈಗ ನಾನಾ ಅವರ ಪರ್ಸಿನಲ್ಲಿ ಆಧಾರ್ ಕಾರ್ಡಿನ ಹಿಂದೆ ಇದೆ. ಹೋದ ವಾರ ಮತ್ತೆ ಸ್ಕ್ಯಾನ್ ಬೇಕಾಯಿತು. ಡಾಕ್ಟರು ಚೀಟಿ ನೋಡಿ ಬೇರೆ ಡೈ ಹಾಕಿಸಿದರು. ಅಮ್ಮಿ ಅಡುಗೆಮನೆಯ ಕ್ಯಾಲೆಂಡರಿನಲ್ಲಿ ಏಳು ದಿನಕ್ಕೆ ಪೆನ್ಸಿಲಿನಿಂದ ಸುತ್ತು ಹಾಕಿ, ದಿನಾ ಫಜರ್ ನಮಾಜ್ ಆದಮೇಲೆ ನಾನಾ ಅವರ ಬೆನ್ನು ನೋಡುತ್ತಿದ್ದಾರೆ. ಇವತ್ತಿಗೆ ಐದನೆಯ ದಿನ.