ಶುಶ್ರೂಷೆಯನ್ನು ವಿದ್ಯೆಯಾಗಿಸಿದ ಫ್ಲಾರೆನ್ಸ್ ನೈಟಿಂಗೇಲ್

ಫ್ಲಾರೆನ್ಸ್ ನೈಟಿಂಗೇಲ್ ಎಂದೊಡನೆ, ಕೈಯಲ್ಲಿ ದೀಪ ಹಿಡಿದು ಗಾಯಾಳು ಸೈನಿಕರ ನಡುವೆ ಸಂಚರಿಸುವ ಮಹಿಳೆಯ ಚಿತ್ರ ನಮ್ಮೆಲ್ಲರ ಕಣ್ಣ ಮುಂದೆ ನಿಲ್ಲುತ್ತದೆ. ಆದರೆ ತೊಂಬತ್ತು ವರ್ಷಗಳ ಅವರ ಬಾಳಿನಲ್ಲಿ ಆ ಯುದ್ಧಸೇವೆಗೆ ಸಂದದ್ದು ಎರಡು ವರ್ಷಕ್ಕೂ ಕಡಿಮೆ. ಉಳಿದ ಆಯುಷ್ಯವನ್ನು ಅವರು ಯಾವ ಕೆಲಸಕ್ಕೆ ಮುಡಿಪಿಟ್ಟರು, ಅದರಿಂದ ದಿಕ್ಕಿಲ್ಲದ ವೃದ್ಧರಿಗೂ ರೋಗಿಗಳಿಗೂ ಏನು ಲಭಿಸಿತು ಎಂಬುದನ್ನು ತಿಳಿಯೋಣ.

1820ರ ಮೇ 12ರಂದು ಇಟಲಿಯ ಫ್ಲಾರೆನ್ಸ್ ನಗರದಲ್ಲಿ, ಸಿರಿವಂತ ಇಂಗ್ಲಿಷ್ ದಂಪತಿಗಳಿಗೆ ಅವರು ಜನಿಸಿದರು. ಹುಟ್ಟಿದ ಊರಿನ ಹೆಸರನ್ನೇ ಮಗುವಿಗೆ ಇಟ್ಟರು. ತಂದೆಯೇ ಪಾಠ ಹೇಳಿದರು. ಗಣಿತವೆಂದರೆ ಮಗಳಿಗೆ ಬಲು ಪ್ರೀತಿ. ಆಕೆ ದಾದಿಯಾಗಬಯಸಿದಾಗ ಮನೆಯವರು ಒಪ್ಪಲಿಲ್ಲ. ಆಗ ಆ ವೃತ್ತಿಗೆ ಮಾನವೂ ಇರಲಿಲ್ಲ, ಸರಿಯಾದ ಶಿಕ್ಷಣವೂ ಇರಲಿಲ್ಲ. ಹಲವು ವರ್ಷ ಕಾದು, 1851ರಲ್ಲಿ ಜರ್ಮನಿಯ ಕೈಸರ್ಸ್‌ವರ್ತ್‌ನಲ್ಲಿ ಅವರು ಶುಶ್ರೂಷೆ ಕಲಿತರು.

1854ರಲ್ಲಿ ಕ್ರಿಮಿಯ ಯುದ್ಧದ ವೇಳೆ 38 ಮಂದಿ ದಾದಿಯರೊಡನೆ ತುರ್ಕಿಯ ಸ್ಕುಟಾರಿ ಆಸ್ಪತ್ರೆಗೆ ಹೋದರು. 1855ರ ಫೆಬ್ರವರಿಯಲ್ಲಿ ಅಲ್ಲಿ ನೂರಕ್ಕೆ 42ರಷ್ಟು ರೋಗಿಗಳು ಸಾಯುತ್ತಿದ್ದರು. ಮರುತಿಂಗಳು ಸರಕಾರ ಕಳುಹಿಸಿದ ನೈರ್ಮಲ್ಯ ಆಯೋಗವು ಚರಂಡಿಗಳನ್ನು ಶುಚಿಗೊಳಿಸಿ, ಗಾಳಿಯಾಡುವಂತೆ ಮಾಡಿದ ಮೇಲೆ ಸಾವು ಬಹಳ ಇಳಿಯಿತು. ಯುದ್ಧ ಮುಗಿದ ನಂತರ ನೈಟಿಂಗೇಲ್ ಸತ್ತವರ ಲೆಕ್ಕವನ್ನೆಲ್ಲ ಪರಿಶೀಲಿಸಿದರು. ಗಾಯಗಳಿಂದ ಸತ್ತವರಿಗಿಂತ, ತಡೆಯಬಹುದಾಗಿದ್ದ ರೋಗಗಳಿಂದ ಸತ್ತವರೇ ಹೆಚ್ಚೆಂದು 1858ರಲ್ಲಿ ಬಣ್ಣದ ನಕ್ಷೆಗಳ ಮೂಲಕ ತೋರಿಸಿಕೊಟ್ಟರು. ಮರುಕವೊಂದೇ ರೋಗಿಯನ್ನು ಉಳಿಸಲಾರದು, ಅರಿವೂ ಬೇಕೆಂಬುದು ಅವರಿಗೆ ಮನವರಿಕೆಯಾಗಿತ್ತು.

ಜನರು ಕೃತಜ್ಞತೆಯಿಂದ ಕೂಡಿಸಿಕೊಟ್ಟ ನಿಧಿಯಿಂದ 1860ರಲ್ಲಿ ಲಂಡನ್ನಿನ ಸೇಂಟ್ ಥಾಮಸ್ ಆಸ್ಪತ್ರೆಯಲ್ಲಿ ದಾದಿಯರ ಶಾಲೆ ಆರಂಭವಾಯಿತು. ರೋಗಿಯನ್ನು ಗಮನಿಸುವುದು, ಕಂಡದ್ದನ್ನು ಬರೆದಿಡುವುದು, ಹಾಸಿಗೆ ಹಾಸುವುದು, ಗಾಯ ಕಟ್ಟುವುದು ಎಲ್ಲವೂ ಅಲ್ಲಿ ಪಾಠವಾದವು. ಬಹುಕಾಲ ಮಲಗಿದವರ ಬೆನ್ನಿನಲ್ಲಿ ಹುಣ್ಣಾದರೆ, ಅದು ಸಾಮಾನ್ಯವಾಗಿ ರೋಗದ ದೋಷವಲ್ಲ, ಆರೈಕೆಯ ದೋಷವೆಂದು ಅವರು ತಮ್ಮ ಪುಸ್ತಕದಲ್ಲಿ ನಿಷ್ಠುರವಾಗಿ ತಿಳಿಸಿದರು.

ಆ ಕಾಲದ ಇಂಗ್ಲೆಂಡಿನಲ್ಲಿ ಗತಿಯಿಲ್ಲದವರನ್ನು ವರ್ಕ್‌ಹೌಸ್ ಎಂಬ ಬಡವರ ಮನೆಗಳಿಗೆ ಸೇರಿಸುತ್ತಿದ್ದರು. ದುಡಿಯಲಾರದ ಮುದುಕರು, ರೋಗಿಗಳು, ಬುದ್ಧಿಭ್ರಮಣೆಯಾದವರು, ಮಕ್ಕಳು ಎಲ್ಲರೂ ಒಂದೇ ಸೂರಿನಡಿ. ಅವರನ್ನು ನೋಡಿಕೊಳ್ಳುವವರೂ ಅಲ್ಲಿನ ನಿರಕ್ಷರಿ ಬಡ ಹೆಂಗಸರೇ. ಇದನ್ನು ತಿದ್ದಲು ಲಿವರ್‌ಪೂಲಿನ ದಾನಿ ವಿಲಿಯಂ ರಾತ್‌ಬೋನ್ ನೈಟಿಂಗೇಲರ ನೆರವು ಕೋರಿದರು. 1865ರಲ್ಲಿ ಅವರ ಶಾಲೆಯಲ್ಲಿ ಕಲಿತ ಆಗ್ನೆಸ್ ಜೋನ್ಸ್ ಎಂಬ ತರುಣಿ 12 ಮಂದಿ ದಾದಿಯರೊಡನೆ ಅಲ್ಲಿನ ಬಡವರ ಮನೆಯ ಆಸ್ಪತ್ರೆಗೆ ಬಂದರು. ಮೂರು ವರ್ಷ ಹಗಲಿರುಳು ದುಡಿದ ಆಗ್ನೆಸ್ 1868ರಲ್ಲಿ ಟೈಫಸ್ ಜ್ವರಕ್ಕೆ ಬಲಿಯಾದರು. ಆಗ ಅವರಿಗೆ ಕೇವಲ 35 ವರ್ಷ. ಆದರೆ ಕಲಿತ ದಾದಿಯರು ಬಡವರಿಗೂ ಬೇಕೆಂಬ ಮಾತು ಅಷ್ಟರಲ್ಲಿ ಬೇರೂರಿತ್ತು.

ನೈಟಿಂಗೇಲರು ಅಷ್ಟಕ್ಕೆ ತೃಪ್ತರಾಗಲಿಲ್ಲ. ರೋಗಿಗಳನ್ನೂ ವೃದ್ಧರನ್ನೂ ದುಡಿಯಬಲ್ಲ ಬಡವರಿಂದ ಬೇರ್ಪಡಿಸಬೇಕು, ಅದರ ವೆಚ್ಚವನ್ನು ಇಡೀ ನಗರವೇ ಹೊರಬೇಕು ಎಂದು ಮಂತ್ರಿಗಳಿಗೆ ಪತ್ರದ ಮೇಲೆ ಪತ್ರ ಬರೆದರು. 1867ರ ಲಂಡನ್ ಬಡವರ ಕಾಯಿದೆಯಲ್ಲಿ ಅವರು ಕೇಳಿದ್ದರಲ್ಲಿ ಒಂದು ಪಾಲು ಮಾತ್ರ ಈಡೇರಿತು. ತಾವೇ ಕಾಯಿಲೆಯಿಂದ ನರಳುತ್ತ, ಎಷ್ಟೋ ಕಾಲ ಹಾಸಿಗೆಯಲ್ಲೇ ಇದ್ದು ಅವರು ಈ ಕಾರ್ಯವನ್ನೆಲ್ಲ ನಡೆಸಿದರೆಂಬುದು ನಾವು ಮರೆಯಬಾರದ ಸಂಗತಿ.

ಮುಪ್ಪಿನಲ್ಲಿ ಅವರ ದೃಷ್ಟಿ ಹೋಯಿತು, ನೆನಪೂ ಮಸುಕಾಯಿತು. ಲೋಕಕ್ಕೆ ಶುಶ್ರೂಷೆ ಕಲಿಸಿದವರು ಇತರರ ಶುಶ್ರೂಷೆಯಲ್ಲೇ ಕಡೆಯ ದಿನಗಳನ್ನು ಕಳೆದರು. 1907ರಲ್ಲಿ ಆರ್ಡರ್ ಆಫ್ ಮೆರಿಟ್ ಗೌರವ ಪಡೆದ ಮೊದಲ ಮಹಿಳೆಯಾದರು. 1910ರ ಆಗಸ್ಟ್ 13ರಂದು ನಿಧನರಾದರು. ಈಗ ಅವರ ಜನ್ಮದಿನವನ್ನು ಅಂತರರಾಷ್ಟ್ರೀಯ ದಾದಿಯರ ದಿನವೆಂದು ಆಚರಿಸುತ್ತಾರೆ.

ವಿದ್ಯಾರ್ಥಿ ಮಿತ್ರರೇ, ನಮ್ಮ ಮನೆಗಳಲ್ಲೂ ಹಾಸಿಗೆ ಹಿಡಿದ ಅಜ್ಜ ಅಜ್ಜಿಯರಿದ್ದಾರೆ. ಅವರ ಕೋಣೆಗೆ ಗಾಳಿ ಬೆಳಕು ಬರುವುದೇ, ಹಾಸಿಗೆ ಒಣಗಿದೆಯೇ, ಇಂದು ಎಷ್ಟು ಉಂಡರು, ಆಗಾಗ ಮಗ್ಗುಲು ಬದಲಿಸಿದೆವೇ ಎಂದು ನಾವು ದಿನವೂ ನೋಡಬಹುದು. ಇದಕ್ಕೆ ಹಣ ಬೇಕಿಲ್ಲ, ಗಮನ ಬೇಕು. ನೈಟಿಂಗೇಲರ ಶಾಲೆಯ ಮೊದಲ ಪಾಠವೂ ಇದೇ.